ಬಿದಿರಿನ ಹಿಟ್ಟು ತಿಗಣೆಗಳ ಪ್ರಭೇದ ನಿರ್ಣಯ ಮತ್ತು ವರ್ಗೀಕರಣ: ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು

ಸಾರಾಂಶ

ಬಿದಿರಿನ ರಸ ಹೀರುವ ಹಿಟ್ಟು ತಿಗಣೆಗಳಲ್ಲಿ ಹೆಚ್ಚಿನವು ಗೆಣ್ಣಿನ ಹಾಳೆಯ ಅಡಿಯಲ್ಲಿ ಮರೆಯಾಗಿ ಬದುಕುತ್ತವೆ. ಕೆಲವು ಕುಲಗಳಲ್ಲಿ ವಯಸ್ಕ ಹೆಣ್ಣಿಗೆ ಕಾಲುಗಳೇ ಇಲ್ಲ, ಮೀಸೆಗಳು ಮೋಟು. ಹೀಗಾಗಿ ಹೊರನೋಟದಿಂದ ಪ್ರಭೇದವನ್ನು ನಿರ್ಣಯಿಸಲು ಬರುವುದಿಲ್ಲ. ದಾವಣಗೆರೆ ಜಿಲ್ಲೆಯ ನಾಲ್ಕು ತಾಲ್ಲೂಕುಗಳಲ್ಲಿ ಈ ಕೀಟಗಳನ್ನು ಸಂಗ್ರಹಿಸಿ, ಗುರುತಿಸಿ, ವರ್ಗೀಕರಿಸಲು ಬೇಕಾದ ಚೌಕಟ್ಟನ್ನು ಈ ಲೇಖನ ಕಟ್ಟಿಕೊಡುತ್ತದೆ. ಬಿದಿರು ಹುಲ್ಲಿನ ಕುಟುಂಬದ ಸಸ್ಯ. ಅದರ ಹಿಟ್ಟು ತಿಗಣೆಗಳನ್ನು ಸುತ್ತಲಿನ ಭತ್ತ, ಕಬ್ಬು ಮತ್ತು ಗರಿಕೆಯ ಹಿಟ್ಟು ತಿಗಣೆಗಳ ಜೊತೆಗಿಟ್ಟು ಪರೀಕ್ಷಿಸಿದಾಗ ಮಾತ್ರ ವರ್ಗೀಕರಣ ಗಟ್ಟಿಯಾಗುತ್ತದೆ ಎಂಬುದು ಇಲ್ಲಿಯ ವಾದ.

ಪ್ರಮುಖ ಪದಗಳು: ಬಿದಿರು, ಹಿಟ್ಟು ತಿಗಣೆ, ಸ್ಯೂಡೋಕೋಕ್ಸಿಡೇ, ಆಂಟೋನಿನಾ, ವರ್ಗೀಕರಣ, ದಾವಣಗೆರೆ ಜಿಲ್ಲೆ

1. ಪೀಠಿಕೆ

ಅಡಕೆ ಕೊಯ್ಲಿನ ದೋಟಿ, ತೋಟದ ಏಣಿ, ಮೇದರು ಹೆಣೆಯುವ ಮೊರ ಮತ್ತು ಬುಟ್ಟಿ, ರೇಷ್ಮೆಹುಳು ಗೂಡು ಕಟ್ಟುವ ಚಂದ್ರಿಕೆ, ಮಳೆಗಾಲದ ಕಳಲೆ ಪಲ್ಯ, ಎಲ್ಲದಕ್ಕೂ ಬಿದಿರು ಬೇಕು. ಇಷ್ಟು ಬಳಕೆಯ ಗಿಡವಾದರೂ ಬಹುಕಾಲ ಅದು ಕಾನೂನಿನ ಕಣ್ಣಿಗೆ ಮರವಾಗಿತ್ತು. 2017ರಲ್ಲಿ ಭಾರತೀಯ ಅರಣ್ಯ ಕಾಯ್ದೆಗೆ ತಂದ ತಿದ್ದುಪಡಿಯಿಂದ ಅರಣ್ಯದ ಹೊರಗೆ ಬೆಳೆದ ಬಿದಿರು ಮರದ ವ್ಯಾಖ್ಯೆಯಿಂದ ಹೊರಬಂತು. 2018ರಲ್ಲಿ ರಾಷ್ಟ್ರೀಯ ಬಿದಿರು ಮಿಷನ್ನಿಗೆ ಹೊಸ ರೂಪ ದೊರೆಯಿತು. ರೈತ ತನ್ನ ಬದುವಿನಲ್ಲಿ ಬಿದಿರು ಬೆಳೆದು, ಕಡಿದು, ಮಾರುವ ದಾರಿ ತೆರೆಯಿತು.

ಬಿದಿರು ಕಾಡಿನಿಂದ ಹೊಲಕ್ಕೆ ಬರುವಾಗ ಅದರ ಕೀಟಗಳೂ ಜೊತೆಗೆ ಬರುತ್ತವೆ. ಗಡ್ಡೆಯೊಂದಿಗೆ ಕಿತ್ತು ನೆಡುವ ಬುಡಸಸಿಯಲ್ಲಿ, ಗೆಣ್ಣಿನ ತುಂಡಿನಲ್ಲಿ, ಹಾಳೆಯ ಸಂದಿಯಲ್ಲಿ ಕುಳಿತ ಹಿಟ್ಟು ತಿಗಣೆ ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ಅದು ಗಿಡದ ನಾಳದಿಂದ ರಸ ಹೀರಿ ಸಿಹಿಯಾದ ಅಂಟುದ್ರವವನ್ನು ಹೊರಹಾಕುತ್ತದೆ. ಆ ದ್ರವಕ್ಕೆ ಇರುವೆಗಳು ಮುತ್ತುತ್ತವೆ, ಅದರ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ. ಬಾಧೆ ಹೆಚ್ಚಾದಾಗ ಎಳೆಯ ಕಳಲೆ ಕುಂಠಿತವಾಗುತ್ತದೆ. ರೈತನಿಗೆ ಪರಿಹಾರ ಸೂಚಿಸುವ ಮುನ್ನ ಕೀಟ ಯಾವುದೆಂದು ಹೇಳಬಲ್ಲ ಸ್ಥಿತಿಯಲ್ಲಿ ನಾವಿರಬೇಕು.

2. ನೆಲ ಮತ್ತು ಆಶ್ರಯಸಸ್ಯ

1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ರೂಪುಗೊಂಡಾಗ ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದವು. ಮುಂದೆ ಹೊನ್ನಾಳಿಯಿಂದ ನ್ಯಾಮತಿ ಬೇರ್ಪಟ್ಟು ತಾಲ್ಲೂಕಾಯಿತು. ಒಂದೇ ಜಿಲ್ಲೆಯಾದರೂ ಮಲೆನಾಡಿನ ಸೆರಗೂ ಬಯಲುಸೀಮೆಯ ಒಣನೆಲವೂ ಇಲ್ಲಿವೆ. ಕೀಟದ ಹಂಚಿಕೆಯನ್ನು ಅಭ್ಯಸಿಸುವವರಿಗೆ ಇದು ದೊಡ್ಡ ಅನುಕೂಲ.

ಚನ್ನಗಿರಿಯಲ್ಲಿ ಎಲೆಯುದುರುವ ಕಾಡು, ಸೂಳೆಕೆರೆ ಎಂದೇ ಜನ ಕರೆಯುವ ಶಾಂತಿಸಾಗರ, ಭದ್ರಾ ನಾಲೆಯ ನೀರು, ಹಬ್ಬುತ್ತಿರುವ ಅಡಕೆ ತೋಟಗಳು ಒಂದಕ್ಕೊಂದು ಅಂಟಿಕೊಂಡಿವೆ. ಹೊನ್ನಾಳಿ ಮತ್ತು ನ್ಯಾಮತಿಯಲ್ಲಿ ತುಂಗಭದ್ರೆಯ ಬಯಲು, ಭತ್ತ ಮತ್ತು ಮೆಕ್ಕೆಜೋಳ ಮುಖ್ಯ. ಜಗಳೂರು ಮಳೆ ಕಡಿಮೆಯ ಸೀಮೆ. ಕೊಂಡುಕುರಿಗಾಗಿ ಮೀಸಲಾದ ರಂಗಯ್ಯನದುರ್ಗ ವನ್ಯಧಾಮದ ಕುರುಚಲು ಕಾಡು ಅಲ್ಲಿಯ ಗುರುತು. ಹಿಂದೆ ಈ ಭಾಗದ ಬಿದಿರಿಗೆ ದೊಡ್ಡ ಬೇಡಿಕೆ ತಂದದ್ದು ನೆರೆಯ ಭದ್ರಾವತಿಯಲ್ಲಿ 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆ.

ಆಶ್ರಯಸಸ್ಯಗಳಲ್ಲಿ ಎರಡು ಮುಖ್ಯ. ಹೆಬ್ಬಿದಿರು, ಅಂದರೆ ಬಾಂಬುಸಾ ಬಾಂಬೋಸ್, ಹಳ್ಳದ ದಡ ಮತ್ತು ತೇವದ ಕಣಿವೆಯನ್ನು ಬಯಸುತ್ತದೆ. ಕಿರುಬಿದಿರು, ಅಂದರೆ ಡೆಂಡ್ರೋಕೆಲಾಮಸ್ ಸ್ಟ್ರಿಕ್ಟಸ್, ಒಣ ಇಳಿಜಾರಿನಲ್ಲೂ ನಿಲ್ಲುತ್ತದೆ. ಹೆಬ್ಬಿದಿರು ಹಲವು ದಶಕಗಳಿಗೊಮ್ಮೆ ಒಟ್ಟಾಗಿ ಹೂಬಿಟ್ಟು, ಬೀಜ ಚೆಲ್ಲಿ, ಮೆಳೆಗೆ ಮೆಳೆಯೇ ಒಣಗುತ್ತದೆ. ಕಾಲಿಲ್ಲದ ಕೀಟವೊಂದು ಇಂಥ ಸಾಮೂಹಿಕ ಸಾವಿನಿಂದ ಪಾರಾಗಬೇಕಾದರೆ ಅದರ ತೆವಳುಮರಿಗಳು, ಅಂದರೆ ಕಾಲುಗಳಿರುವ ಮೊದಲ ಹಂತದ ಮರಿಗಳು, ಗಾಳಿಯಲ್ಲಿ ತೇಲಿಯೋ ಇರುವೆ, ಮನುಷ್ಯರ ಜೊತೆ ಸಾಗಿಯೋ ಬೇರೆ ಆಸರೆ ಹಿಡಿಯಬೇಕು. ಆ ಆಸರೆ ಮತ್ತೊಂದು ಬಿದಿರೋ, ಬದುವಿನ ಹುಲ್ಲೋ ಎಂಬುದು ವರ್ಗೀಕರಣಕ್ಕೂ ನೇರವಾಗಿ ತಾಗುವ ಪ್ರಶ್ನೆ. ಬಿದಿರಿನ ಪಕ್ಕದ ಹುಲ್ಲನ್ನೂ ಬೆಳೆಯನ್ನೂ ಬಿಟ್ಟು ಮಾಡಿದ ಸಂಗ್ರಹ ಅರೆಬರೆಯಾಗುವುದು ಇದರಿಂದಲೇ.

3. ವರ್ಗೀಕರಣದ ಹಿನ್ನೆಲೆ

ಹಿಟ್ಟು ತಿಗಣೆಗಳ ಕುಟುಂಬ ಸ್ಯೂಡೋಕೋಕ್ಸಿಡೇ. ಜಗತ್ತಿನಲ್ಲಿ ಸುಮಾರು ಎರಡು ಸಾವಿರ ಪ್ರಭೇದಗಳು ಇದರಲ್ಲಿ ದಾಖಲಾಗಿವೆ. ಬಿದಿರಿನ ಮಟ್ಟಿಗೆ ಮುಖ್ಯವಾದ ಆಂಟೋನಿನಾ ಕುಲವನ್ನು ಫ್ರಾನ್ಸಿನ ಸಿನ್ಯೋರೆ 1875ರಲ್ಲಿ ಸ್ಥಾಪಿಸಿದರು. ಕೀಟೋಕೋಕಸ್ ಬಾಂಬುಸೇ ಪ್ರಭೇದವನ್ನು ಮ್ಯಾಸ್ಕೆಲ್ 1893ರಲ್ಲಿ ವಿವರಿಸಿದರು. ಕಾಕರೆಲ್ 1900ರಲ್ಲಿ ಆಂಟೋನಿನಾ ಕ್ರಾವಿಯನ್ನೂ, ಟಕಹಾಶಿ 1951ರಲ್ಲಿ ಈಗ ಪಾಮಿಕಲ್ಟರ್ ಲುಂಪುರೆನ್ಸಿಸ್ ಎಂದು ಕರೆಯುವ ಪ್ರಭೇದವನ್ನೂ, ಫೆರಿಸ್ 1953ರಲ್ಲಿ ಆಂಟೋನಿನಾ ಪ್ರೆಟಿಯೋಸಾವನ್ನೂ ವಿವರಿಸಿದರು. ಇವೆಲ್ಲ ಬಿದಿರನ್ನು ಆಶ್ರಯಿಸುವಂಥವು.

ದಕ್ಷಿಣ ಭಾರತದಲ್ಲಿ ಈ ಅಧ್ಯಯನಕ್ಕೆ ಬುನಾದಿ ಹಾಕಿದವರು ಸಿಲೋನಿನ ಇ. ಇ. ಗ್ರೀನ್ ಮತ್ತು ಕೊಯಮತ್ತೂರಿನ ಟಿ. ವಿ. ರಾಮಕೃಷ್ಣ ಅಯ್ಯರ್. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ಮತ್ತು ಕುನ್ಹಿ ಕಣ್ಣನ್ 1918ರಲ್ಲಿ ಕಾಫಿಯ ಶಲ್ಕಕೀಟಗಳ ಕುರಿತು ಪ್ರಕಟಿಸಿದ ಪತ್ರಿಕೆ ನಮ್ಮ ನಾಡಿನ ಮೊದಲ ಗಟ್ಟಿ ಕೆಲಸಗಳಲ್ಲೊಂದು. ಕಾಲಿಲ್ಲದ ಹಿಟ್ಟು ತಿಗಣೆಗಳ ಗುಂಪನ್ನು ಹೆಂಡ್ರಿಕ್ಸ್ ಮತ್ತು ಕೊಸ್ಟಾರಾಬ್ 1999ರಲ್ಲಿ ಮರುಪರಿಶೀಲಿಸಿದರು. ಡಿ. ಜೆ. ವಿಲಿಯಮ್ಸ್ 2004ರಲ್ಲಿ ಹೊರತಂದ ದಕ್ಷಿಣ ಏಷ್ಯಾದ ಹಿಟ್ಟು ತಿಗಣೆಗಳ ಬೃಹತ್ ಗ್ರಂಥ ಇಂದಿಗೂ ನಮ್ಮ ಮುಖ್ಯ ಆಧಾರ. 2008ರಲ್ಲಿ ಹಾರ್ಡಿ, ಗುಲ್ಲನ್ ಮತ್ತು ಹಾಡ್ಜ್‌ಸನ್ ಅಂಗರಚನೆ ಹಾಗೂ ಡಿಎನ್‌ಎ ಎರಡನ್ನೂ ಬೆಸೆದು ಈ ಕುಟುಂಬವನ್ನು ಸ್ಯೂಡೋಕೋಕ್ಸಿನೇ ಮತ್ತು ಫಿನಕೋಕ್ಸಿನೇ ಎಂಬ ಎರಡು ಉಪಕುಟುಂಬಗಳಾಗಿ ವಿಂಗಡಿಸಿದರು.

ಒಂದೇ ಕೀಟಕ್ಕೆ ಎರಡು ಮೂರು ಹೆಸರು ಬಿದ್ದ ಉದಾಹರಣೆಗಳೂ ಈ ಚರಿತ್ರೆಯಲ್ಲಿವೆ. ಗ್ರೀನ್ 1908ರಲ್ಲಿ ಆಂಟೋನಿನಾ ಇಂಡಿಕಾ ಎಂದು ಹೆಸರಿಟ್ಟ ಕೀಟ, ಮ್ಯಾಸ್ಕೆಲ್ 1897ರಲ್ಲೇ ವಿವರಿಸಿದ್ದ ಆಂಟೋನಿನಾ ಗ್ರಾಮಿನಿಸ್ ಎಂದು ಮುಂದೆ ತಿಳಿದುಬಂತು. ಬೇರೆ ಬೇರೆ ಹುಲ್ಲಿನ ಮೇಲೆ, ಬೇರೆ ಬೇರೆ ದೇಶದಲ್ಲಿ ಸಿಕ್ಕ ಒಂದೇ ಪ್ರಭೇದ ಹೊಸದಾಗಿ ಕಾಣುವುದು ಸಹಜ. ಆಶ್ರಯಸಸ್ಯವನ್ನೇ ನೆಚ್ಚಿ ಹೆಸರು ಕೊಡುವುದರ ಅಪಾಯ ಇಲ್ಲಿ ಸ್ಪಷ್ಟವಾಗುತ್ತದೆ.

4. ಕ್ಷೇತ್ರದಲ್ಲಿ ಗೊಂದಲ ತರುವ ಇತರ ಕೀಟಗಳು

ಬಿದಿರಿನ ಮೇಲೆ ಬಿಳಿಯಾಗಿ ಕಾಣುವುದೆಲ್ಲ ಹಿಟ್ಟು ತಿಗಣೆಯಲ್ಲ. ಸ್ಯೂಡೋರೆಗ್ಮಾ ಕುಲದ ಹೇನುಗಳು ಮೇಣ ಹೊದ್ದು ಗಳದ ಮೇಲೆ ದಟ್ಟವಾಗಿ ಗುಂಪುಗೂಡುತ್ತವೆ. 2002ರ ಹೊತ್ತಿಗೆ ಮಹಾರಾಷ್ಟ್ರ ಮತ್ತು ಕರ್ನಾಟಕದ ಕಬ್ಬನ್ನು ಕಾಡಿದ ಬಿಳಿ ಉಣ್ಣೆ ಹೇನು ಇವುಗಳ ಹತ್ತಿರದ ಸಂಬಂಧಿ. ಮುಟ್ಟಿದರೆ ಹೇನು ಕಾಲಾಡಿಸುತ್ತದೆ. ಆಂಟೋನಿನಾದ ವಯಸ್ಕ ಹೆಣ್ಣು ತನ್ನ ಚೀಲ ಬಿಟ್ಟು ಕದಲುವುದಿಲ್ಲ. ಬಾಂಬುಸಾಸ್ಪಿಸ್ ಕುಲದ ಗುಳಿ ಶಲ್ಕಕೀಟಗಳಿಗೆ ಹಸಿರು ಮಿಶ್ರಿತ ಹಳದಿಯ, ಗಾಜಿನಂಥ ಹೊದಿಕೆ ಇರುತ್ತದೆ, ಹಿಟ್ಟಿನ ಪುಡಿ ಇರುವುದಿಲ್ಲ. ಅಕ್ಲೆರ್ಡಾ ಕುಲದ ಶಲ್ಕಕೀಟಗಳೂ ಹಾಳೆಯ ಅಡಿಯಲ್ಲೇ ಇರುತ್ತವೆ. ಆದರೆ ಅವುಗಳ ದೇಹ ಚಪ್ಪಟೆ, ಕಂದು, ಗಡುಸು, ಹತ್ತಿಯಂಥ ಚೀಲವಿಲ್ಲ. ಕ್ಷೇತ್ರ ಮಟ್ಟದಲ್ಲಿ ಕೃಷಿ ಅಧಿಕಾರಿ, ನರ್ಸರಿ ಕಾವಲುಗಾರ, ಆಸಕ್ತ ರೈತ ಯಾರಾದರೂ ಇಷ್ಟು ಬೇರ್ಪಡಿಸಬಲ್ಲರು. ಮುಂದಿನದು ಪ್ರಯೋಗಾಲಯದ ಕೆಲಸ.

5. ಸಂಗ್ರಹ ಮತ್ತು ಸ್ಲೈಡ್ ಸಿದ್ಧತೆ

ಪ್ರತಿ ತಾಲ್ಲೂಕಿನಲ್ಲೂ ಕಾಡಂಚಿನ ಮೆಳೆ, ಹೊಲದ ಬದುವಿನ ಮೆಳೆ, ನರ್ಸರಿಯ ಸಸಿ ಎಂಬ ಮೂರು ನೆಲೆಗಳನ್ನು ಆಯ್ದುಕೊಳ್ಳಬೇಕು. ಗಳದ ಬುಡ, ನಡು, ತುದಿಗಳಲ್ಲಿ ಹಾಳೆ ಸುಲಿದು ಗೆಣ್ಣನ್ನು ಪರೀಕ್ಷಿಸಬೇಕು. ಕಳಲೆ ಮೂಡುವ ಮುಂಗಾರಿನಲ್ಲಿ ಒಮ್ಮೆ, ಹಾಳೆ ಒಣಗಿದ ಬೇಸಗೆಯಲ್ಲಿ ಒಮ್ಮೆ ಇದನ್ನು ಮಾಡಿದರೆ ಋತುಮಾನದ ವ್ಯತ್ಯಾಸ ತಿಳಿಯುತ್ತದೆ. ಮೆಳೆಯ ಸುತ್ತಲಿನ ಗರಿಕೆ, ಭತ್ತ, ಕಬ್ಬು, ಜೋಳಗಳ ಬುಡ ಹಾಗೂ ಎಲೆಕಂಕುಳನ್ನೂ ನೋಡಬೇಕು. ಜೊತೆಗಿರುವ ಇರುವೆಯನ್ನು ಬೇರೆ ಸೀಸೆಯಲ್ಲಿ ಹಿಡಿದಿಡಬೇಕು. ಸ್ಲೈಡಿಗೆಂದು ಶೇಕಡಾ 80ರ ಎಥನಾಲಿನಲ್ಲೂ ಡಿಎನ್‌ಎಗೆಂದು ಶೇಕಡಾ 95ಕ್ಕೂ ಮೇಲಿನ ಎಥನಾಲಿನಲ್ಲೂ ಒಂದೇ ಗುಂಪಿನ ಮಾದರಿಗಳನ್ನು ಇಡಬೇಕು. ಬಿದಿರಿನ ಪ್ರಭೇದ, ಊರು, ದಿನಾಂಕ, ಗೆಣ್ಣಿನ ಎತ್ತರ, ಇವಿಲ್ಲದ ಚೀಟಿಗೆ ವೈಜ್ಞಾನಿಕ ಬೆಲೆಯಿಲ್ಲ.

ಹಿಟ್ಟು ತಿಗಣೆಗಳ ವರ್ಗೀಕರಣ ನಿಂತಿರುವುದು ವಯಸ್ಕ ಹೆಣ್ಣಿನ ಮೇಲೆ. ಗಂಡಿಗೆ ಒಂದು ಜೊತೆ ರೆಕ್ಕೆಯಿದ್ದರೂ ಅದರ ಆಯುಷ್ಯ ಅಲ್ಪ, ವಯಸ್ಕ ಗಂಡು ಆಹಾರವನ್ನೇ ಸೇವಿಸುವುದಿಲ್ಲ. ಹೆಣ್ಣಿನ ದೇಹಕ್ಕೆ ಸಣ್ಣ ರಂಧ್ರ ಮಾಡಿ, ಶೇಕಡಾ 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡಿನಲ್ಲಿ ಒಳಗಿನ ಮಾಂಸಭಾಗವನ್ನು ಕರಗಿಸಿ, ತೊಳೆದು, ಆಸಿಡ್ ಫುಕ್ಸಿನ್ ಬಣ್ಣ ಹಿಡಿಸಿ, ಲವಂಗದೆಣ್ಣೆಯಲ್ಲಿ ಪಾರದರ್ಶಕವಾಗಿಸಿ, ಕೆನಡಾ ಬಾಲ್ಸಮ್‌ನಲ್ಲಿ ಕೂರಿಸುತ್ತಾರೆ. ಆಗ ಕಾಣುವ ಮೀಸೆಯ ಭಾಗಗಳು, ಕಾಲು, ಮೇಣ ಸ್ರವಿಸುವ ರಂಧ್ರಗಳ ಬಗೆ, ನಾಳಗಳ ಆಕಾರ, ದೇಹದಂಚಿನ ಮುಳ್ಳುಗುಚ್ಛಗಳಾದ ಸೆರೇರಿಯಸ್‌ಗಳ ಎಣಿಕೆ, ಗುದವಲಯದ ರಚನೆ ಇವೇ ನಿರ್ಣಾಯಕ. ಹೊರಗಿನ ಮೇಣದ ಪ್ರಮಾಣ ಮಳೆ, ವಯಸ್ಸು, ಇರುವೆಗಳ ಓಡಾಟಕ್ಕೆ ತಕ್ಕಂತೆ ಬದಲಾಗುವುದರಿಂದ ಅದನ್ನು ಲಕ್ಷಣವಾಗಿ ಬಳಸಬಾರದು.

6. ಕುಲಗಳನ್ನು ಬೇರ್ಪಡಿಸುವ ಸೂಚಿ

ಕೆಳಗಿನ ಸೂಚಿ ಬಿದಿರಿನ ಜೊತೆಗೆ ನೆರೆಯ ಹುಲ್ಲುಬೆಳೆಗಳ ಹಿಟ್ಟು ತಿಗಣೆಗಳನ್ನೂ ಒಳಗೊಂಡಿದೆ. ಇದು ಮೊದಲ ಹಂತದ ವಿಂಗಡಣೆಗೆ. ಪ್ರಭೇದದ ಅಂತಿಮ ನಿರ್ಣಯವನ್ನು ವಿಲಿಯಮ್ಸ್ ಗ್ರಂಥದೊಡನೆಯೂ ಅಧಿಕೃತ ಮಾದರಿಗಳೊಡನೆಯೂ ಹೋಲಿಸಿಯೇ ಮಾಡಬೇಕು.

(1) ವಯಸ್ಕ ಹೆಣ್ಣಿಗೆ ಮೂರು ಜೊತೆ ಪೂರ್ಣ ಕಾಲುಗಳಿದ್ದು, ಮೀಸೆಯಲ್ಲಿ ಆರರಿಂದ ಎಂಟು ಭಾಗಗಳಿದ್ದರೆ 2ಕ್ಕೆ ಹೋಗಬೇಕು. ಕಾಲುಗಳಿಲ್ಲದೆ, ಮೀಸೆ ಎರಡು ಮೂರು ಭಾಗಗಳ ಮೋಟಾಗಿದ್ದರೆ 4ಕ್ಕೆ.

(2) ಸೆರೇರಿಯಸ್ ದೇಹದ ತುದಿಯಲ್ಲಿ ಒಂದೇ ಜೊತೆ, ಮೀಸೆಯಲ್ಲಿ ಏಳು ಭಾಗ, ಜೀವಂತವಿದ್ದಾಗ ಬಣ್ಣ ಗುಲಾಬಿ: ಸ್ಯಾಕರಿಕೋಕಸ್ ಸ್ಯಾಕರಿ, ಕಬ್ಬಿನ ಗೆಣ್ಣಿನದು. ಒಂದಕ್ಕಿಂತ ಹೆಚ್ಚು ಜೊತೆಯಿದ್ದರೆ 3ಕ್ಕೆ.

(3) ಸೆರೇರಿಯಸ್ ದೇಹದಂಚಿನ ಸುತ್ತಲೂ 17 ಜೊತೆ, ಮೀಸೆಯಲ್ಲಿ ಎಂಟು ಭಾಗ: ಡಿಸ್ಮಿಕೋಕಸ್ ಬ್ರೆವಿಪೆಸ್. ಮೀಸೆಯಲ್ಲಿ ಸಾಮಾನ್ಯವಾಗಿ ಆರು ಭಾಗ, ದೇಹ ನೀಳ: ಬ್ರೆವೆನ್ನಿಯ ರೇಹಿ, ಭತ್ತದ ಹಿಟ್ಟು ತಿಗಣೆ. ಈ ಎರಡಕ್ಕೂ ಹೊಂದದೆ ಬಿದಿರಿನ ಎಳೆ ಕಳಲೆ ಮತ್ತು ಹಾಳೆಯ ಸಂದಿಯಲ್ಲಿ ಸಿಕ್ಕಿದ್ದನ್ನು ಪಾಮಿಕಲ್ಟರ್ ಕುಲದೊಂದಿಗೆ ಮೊದಲು ಹೋಲಿಸಬೇಕು.

(4) ಗಳದ ಪೊಳ್ಳಿನೊಳಗೆ ಇರುವೆಗಳ ಸಂಗಡ ವಾಸ: ಕೆರ್ಮಿಕಸ್ ಕುಲವೇ ಎಂದು ಪರೀಕ್ಷಿಸಬೇಕು. ಹೊರಗೆ, ಹಾಳೆಯ ಅಡಿಯಲ್ಲಿ ವಾಸ: 5ಕ್ಕೆ.

(5) ದೇಹ ಒತ್ತಾದ ಬಿಳಿ ಚೀಲದೊಳಗಿದ್ದು, ಗುದವಲಯ ಒಳಸರಿದ ಕೊಳವೆಯ ತಳದಲ್ಲಿದ್ದು, ಅಂಟುದ್ರವ ಉದ್ದನೆಯ ಮೇಣದ ನಳಿಗೆಯಿಂದ ಹೊರಬೀಳುವುದು: ಆಂಟೋನಿನಾ. ಹಾಗಿಲ್ಲದವು ಕೀಟೋಕೋಕಸ್ ಮತ್ತು ಸಂಬಂಧಿತ ಕುಲಗಳು.

ನಾಲ್ಕನೆಯ ಹಂತದಲ್ಲಿ ಇರುವೆಯ ಹೆಸರು ಏಕೆ ಬೇಕೆಂಬುದಕ್ಕೆ ಮಲೇಷ್ಯಾದ ಒಂದು ಅಧ್ಯಯನ ಸಾಕ್ಷಿ. ಬಿದಿರಿನ ಪೊಳ್ಳಿನಲ್ಲಿ ಬದುಕುವ ಟೆಟ್ರಾಪೊನೆರಾ ಕುಲದ ಇರುವೆಯ ಎಳೆಯ ರಾಣಿ, ಹೊಸ ಗೂಡು ಅರಸಿ ಹಾರುವಾಗ ಬಾಯಲ್ಲಿ ಹಿಟ್ಟು ತಿಗಣೆಯೊಂದನ್ನು ಕಚ್ಚಿಕೊಂಡೇ ಹೋಗುತ್ತದೆಂದು 1992ರಲ್ಲಿ ವರದಿಯಾಯಿತು. ಅಂಥ ಕಡೆ ಹಿಟ್ಟು ತಿಗಣೆಯ ಹರಡುವಿಕೆ ಇರುವೆಯ ಹಾರಾಟವನ್ನೇ ಅವಲಂಬಿಸಿದೆ.

7. ಚರ್ಚೆ

ಅಂಗಗಳು ಕ್ಷೀಣಿಸಿದ ಜೀವಿಗಳ ವರ್ಗೀಕರಣದಲ್ಲಿ ಒಂದು ಮೂಲಭೂತ ತೊಡಕಿದೆ. ಹಾಳೆಯ ಅಡಿಯ ಇಕ್ಕಟ್ಟಿನಲ್ಲಿ ಬದುಕುವ ಬೇರೆ ಬೇರೆ ವಂಶಗಳು ಒಂದೇ ಬಗೆಯ ಒತ್ತಡಕ್ಕೆ ಒಳಗಾಗಿ ಒಂದೇ ರೀತಿಯಲ್ಲಿ ಕಾಲು, ಮೀಸೆ ಕಳೆದುಕೊಳ್ಳಬಹುದು. ಕಾಲಿಲ್ಲದಿರುವುದು ಸೂಚಿಯಲ್ಲಿ ಬಲು ಉಪಯುಕ್ತ, ಆದರೆ ರಕ್ತಸಂಬಂಧಕ್ಕೆ ಅದೊಂದೇ ಪುರಾವೆಯಾಗದು. ಆದ್ದರಿಂದ ರಂಧ್ರ ಮತ್ತು ನಾಳಗಳ ವಿವರ, ಮೊದಲ ಹಂತದ ಮರಿಯ ಲಕ್ಷಣ, ಮೈಟೊಕಾಂಡ್ರಿಯದ ಸಿಒಐ ಜೀನಿನ ಅನುಕ್ರಮ ಮೂರನ್ನೂ ಒಟ್ಟಿಗೆ ತೂಗಬೇಕು. ತೆವಳುಮರಿಗೆ ಕಾಲುಗಳಿರುವುದರಿಂದ, ವಯಸ್ಕ ಹೆಣ್ಣು ಕಳೆದುಕೊಂಡ ಲಕ್ಷಣಗಳನ್ನು ಅದರಲ್ಲಿ ಓದಬಹುದು.

ಹೆಸರು ತಪ್ಪಿದರೆ ಏನಾಗುತ್ತದೆ ಎಂಬುದನ್ನು ಹತ್ತಿ ಬೆಳೆ ಕಲಿಸಿದೆ. ಭಾರತ ಮತ್ತು ಪಾಕಿಸ್ತಾನದ ಹತ್ತಿಯಲ್ಲಿ ಹಬ್ಬಿದ ಹಿಟ್ಟು ತಿಗಣೆಯನ್ನು ಮೊದಲು ಹೊಸ ಪ್ರಭೇದವೆಂದೂ ಬೇರೆ ಪ್ರಭೇದವೆಂದೂ ಭಾವಿಸಲಾಗಿತ್ತು. ಅದು ಟಿನ್ಸ್ಲಿ 1898ರಲ್ಲೇ ವಿವರಿಸಿದ್ದ ಫಿನಕೋಕಸ್ ಸೊಲೆನೊಪ್ಸಿಸ್ ಎಂಬುದು 2008ರಲ್ಲಿ ಖಚಿತವಾಯಿತು. ಸರಿಯಾದ ಹೆಸರಿನ ಬಲ ತಿಳಿಯಲು ಪರಂಗಿಯನ್ನು ನೋಡಬೇಕು. 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿದ ಪ್ಯಾರಾಕೋಕಸ್ ಮಾರ್ಜಿನೇಟಸ್‌ನ ಗುರುತು ಸ್ಪಷ್ಟವಾಗಿದ್ದುದರಿಂದ, ಅದಕ್ಕೇ ಮೀಸಲಾದ ಅಸೆರೋಫೇಗಸ್ ಪಪಾಯೇ ಎಂಬ ಪರತಂತ್ರಜೀವಿ ಕಣಜವನ್ನು 2010ರಲ್ಲಿ ಬೆಂಗಳೂರಿನ ಕೃಷಿ ಪ್ರಾಮುಖ್ಯದ ಕೀಟಗಳ ರಾಷ್ಟ್ರೀಯ ಬ್ಯೂರೋಗೆ ತರಿಸಿ ಬಿಡುಗಡೆ ಮಾಡಲಾಯಿತು.

ಬಿದಿರಿಗೆ ಇನ್ನೂ ಹತ್ತಿರದ ಪಾಠ ಆಂಟೋನಿನಾ ಗ್ರಾಮಿನಿಸ್‌ನದು. ಅಮೆರಿಕದ ಟೆಕ್ಸಾಸಿನ ಹುಲ್ಲುಗಾವಲನ್ನು ಅದು ಹಾಳುಗೆಡವಿದಾಗ, ಅದರ ಶತ್ರುವಾದ ನಿಯೊಡುಸ್ಮೆಷಿಯಾ ಸಂಗ್ವಾನಿ ಕಣಜವನ್ನು 1959ರಲ್ಲಿ ಭಾರತದಿಂದಲೇ ಒಯ್ದರು. ಆ ಕಣಜದ ಹೆಣ್ಣು ಹಾರಲಾರದು. ವಿಮಾನದಿಂದ ಉದುರಿಸಿ ಅದನ್ನು ಹರಡಬೇಕಾಯಿತು. ನಮ್ಮ ಹುಲ್ಲಿನ ಬುಡದಲ್ಲಿರುವ ಸಣ್ಣ ಕಣಜವೊಂದು ದೂರದ ದೇಶದ ಹುಲ್ಲುಗಾವಲನ್ನು ಕಾಪಾಡಿತು ಎಂದ ಮೇಲೆ, ನಮ್ಮ ಬಿದಿರಿನ ಗೆಣ್ಣಿನಲ್ಲಿರುವ ಕಣಜಗಳನ್ನು ಗುರುತಿಸದೆ ಬಿಡುವುದು ನಷ್ಟವೇ ಸರಿ. ಹಿಟ್ಟು ತಿಗಣೆಯ ಮಾದರಿಗಳನ್ನು ಕೆಲ ದಿನ ಜೀವಂತ ಇರಿಸಿ, ಹೊರಬರುವ ಕಣಜಗಳನ್ನು ಸಂಗ್ರಹಿಸುವುದು ಆದ್ದರಿಂದ ಸಮೀಕ್ಷೆಯ ಭಾಗವಾಗಬೇಕು. ಹಾಳೆ ಮತ್ತು ಮೇಣದ ಚೀಲದ ಎರಡು ಪದರ ದಾಟಿ ಕೀಟನಾಶಕದ ಸಿಂಪರಣೆ ಒಳಮುಟ್ಟುವುದು ಕಷ್ಟ. ಕಳಲೆಯನ್ನು ಜನ ತಿನ್ನುವುದರಿಂದ ವಿಷದ ಬಳಕೆ ಸಲ್ಲದು ಕೂಡ. ಜೈವಿಕ ನಿಯಂತ್ರಣ ಇಲ್ಲಿಯ ಸಹಜ ದಾರಿ, ಅದಕ್ಕೆ ಪ್ರಭೇದದ ನಿಖರ ಹೆಸರು ಮೊದಲ ಅಗತ್ಯ.

8. ಉಪಸಂಹಾರ

ಚನ್ನಗಿರಿಯ ಕಾಡಂಚಿನಿಂದ ಜಗಳೂರಿನ ಒಣಬಯಲಿನವರೆಗೆ ಒಂದೇ ಕ್ರಮದಲ್ಲಿ, ಒಂದೇ ಚೀಟಿಯ ಮಾದರಿಯಲ್ಲಿ ಸಂಗ್ರಹ ನಡೆದರೆ ಬಿದಿರಿಗೇ ಸೀಮಿತವಾದ ಹಿಟ್ಟು ತಿಗಣೆಗಳಾವುವು, ಹುಲ್ಲುಬೆಳೆಗಳೊಡನೆ ಹಂಚಿಕೆಯಾದವಾವುವು ಎಂದು ಬೇರ್ಪಡಿಸಲು ಸಾಧ್ಯ. ಮೊದಲನೆಯ ಗುಂಪಿನವು ಸಿಕ್ಕರೆ ನರ್ಸರಿಯ ಸಸಿಗಳನ್ನು ಹಾಳೆ ಸುಲಿದು ಪರೀಕ್ಷಿಸಿದ ಮೇಲಷ್ಟೇ ರೈತರಿಗೆ ಕೊಡಬೇಕು. ಎರಡನೆಯ ಗುಂಪಿನವು ಸಿಕ್ಕರೆ ಭತ್ತ ಮತ್ತು ಕಬ್ಬಿನ ಗದ್ದೆಯ ಪಕ್ಕದ ಮೆಳೆಯ ಮೇಲೆ ವರ್ಷವಿಡೀ ಕಣ್ಣಿಡಬೇಕು. ಎರಡರ ನಿರ್ವಹಣೆಯೂ ಬೇರೆಯಾದ್ದರಿಂದ ವರ್ಗೀಕರಣ ಇಲ್ಲಿ ರೈತನ ಬದುವಿನವರೆಗೆ ಸಲ್ಲುವ ಕೆಲಸ. ಅರಣ್ಯ ಇಲಾಖೆಯ ನರ್ಸರಿಗಳು, ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರ, ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯ ಕೈಜೋಡಿಸಿ, ಸ್ಲೈಡುಗಳ ಒಂದು ಪ್ರತಿಯನ್ನು ಬೆಂಗಳೂರಿನ ರಾಷ್ಟ್ರೀಯ ಕೀಟ ಸಂಗ್ರಹದಲ್ಲೂ ಇನ್ನೊಂದನ್ನು ಜಿಲ್ಲೆಯಲ್ಲೂ ಇರಿಸಬೇಕು. ಮುಂದೆ ಈ ಸೀಮೆಯ ಬಿದಿರಿನಲ್ಲಿ ಹೊಸ ಬಾಧೆ ಕಾಣಿಸಿಕೊಂಡಾಗ ಹೋಲಿಸಿ ನೋಡಲು ಆಧಾರ ಇಲ್ಲಿಯೇ ಇರುತ್ತದೆ.