ಜಿಂಕೆ ಬೇಟೆ: ನಿಖರ ಕೈಬಂದೂಕಿನ ಆಯ್ಕೆ ಹೇಗೆ?

ಅಮೆರಿಕದ ಅನೇಕ ರಾಜ್ಯಗಳಲ್ಲಿ ಪರವಾನಗಿ ಪಡೆದವರು ನಿಗದಿತ ಋತುವಿನಲ್ಲಿ ಕೈಬಂದೂಕಿನಿಂದ ಜಿಂಕೆ ಬೇಟೆಯಾಡಲು ಅವಕಾಶವಿದೆ. 1955-56ರಲ್ಲಿ ಸ್ಮಿತ್ ಅಂಡ್ ವೆಸನ್ ಸಂಸ್ಥೆ .44 ಮ್ಯಾಗ್ನಮ್ ರಿವಾಲ್ವರ್ ಹೊರತಂದ ಬಳಿಕ ಈ ಹವ್ಯಾಸ ಹೆಚ್ಚು ಪ್ರಚಾರ ಪಡೆಯಿತು. ಆದರೆ ಆಯ್ಕೆಯಲ್ಲಿ ಶಕ್ತಿಯಷ್ಟೇ ನಿಖರತೆಯೂ ಮುಖ್ಯ. ಗುಂಡು ಮರ್ಮಸ್ಥಾನ ತಪ್ಪಿದರೆ ಗಾಯಗೊಂಡ ಪ್ರಾಣಿ ಓಡಿಹೋಗಿ, ಪೊದೆಗಳ ನಡುವೆ ನರಳಿ ಸಾಯುತ್ತದೆ.

ಗುರಿ ತಪ್ಪುವುದೇಕೆ?

ಅಲ್ಲಿನ ಬಿಳಿಬಾಲದ ಜಿಂಕೆಯ ಹೃದಯ ಮತ್ತು ಶ್ವಾಸಕೋಶಗಳಿರುವ ಭಾಗ ಸುಮಾರು 20 ಸೆಂ.ಮೀ. ಅಗಲವಷ್ಟೆ. ಕೈಬಂದೂಕನ್ನು ಹೆಗಲಿಗೆ ಆನಿಸಿ ಹಿಡಿಯಲಾಗದು; ಗುರಿ ನೋಡುವ ಹಿಂದಿನ ಮತ್ತು ಮುಂದಿನ ಗುರುತುಗಳ ನಡುವಿನ ಅಂತರವೂ ಕಡಿಮೆ. ಈ ಅಂತರ 8 ಅಂಗುಲವಿದ್ದಾಗ, ಗುರುತು ಕೇವಲ 1 ಮಿ.ಮೀ. ಸರಿದರೂ 50 ಗಜ ದೂರದಲ್ಲಿ ಗುಂಡು ಸುಮಾರು 22 ಸೆಂ.ಮೀ. ಆಚೆ ಬೀಳುತ್ತದೆ. ಉದ್ದನೆಯ ನಳಿಕೆ, ಹಗುರವಾಗಿ ಎಳೆಯಬಹುದಾದ ಟ್ರಿಗರ್ ಹಾಗೂ ಕೈಬಂದೂಕಿಗೆಂದೇ ತಯಾರಾದ ದೂರದರ್ಶಕ ಇದ್ದರೆ ಈ ದೋಷ ತಗ್ಗುತ್ತದೆ.

ಯಾವುದು ಸೂಕ್ತ?

ರಿವಾಲ್ವರ್: ಮತ್ತೊಂದು ಗುಂಡನ್ನು ಕೂಡಲೇ ಹಾರಿಸಬಹುದು. ಆದರೆ ತಿರುಗುವ ಸಿಲಿಂಡರಿನ ಪ್ರತಿಯೊಂದು ಕುಳಿಯೂ ನಳಿಕೆಯ ನೇರಕ್ಕೆ ಕೂಡಬೇಕು. ಅದು ಕೊಂಚ ಓರೆಯಾದರೂ ನಿಖರತೆ ಕುಂದುತ್ತದೆ.

ಒಂಟಿ ಗುಂಡಿನ ಪಿಸ್ತೂಲು: 1967ರಲ್ಲಿ ಬಂದ ಥಾಂಪ್ಸನ್ ಸೆಂಟರ್ ಕಂಟೆಂಡರ್ ಇದಕ್ಕೆ ಪ್ರಸಿದ್ಧ ನಿದರ್ಶನ. ತೋಟಾ ಕೂರುವ ಕುಳಿಯೂ ನಳಿಕೆಯೂ ಒಂದೇ ತುಂಡಾಗಿರುವುದರಿಂದ ಗುರಿ ಹೆಚ್ಚು ನಿಖರ. ನಳಿಕೆ ಬದಲಿಸಿ .30-30ರಂತಹ ರೈಫಲ್ ತೋಟಾಗಳನ್ನೂ ಬಳಸಬಹುದು. ಆದರೆ ಪ್ರತಿ ಗುಂಡಿಗೂ ಮತ್ತೆ ತೋಟಾ ತುಂಬಬೇಕು.

ಕೊಳ್ಳುವ ಮುನ್ನ ಆಯಾ ರಾಜ್ಯದ ನಿಯಮ ತಿಳಿಯುವುದು ಅಗತ್ಯ. ಉದಾಹರಣೆಗೆ, ಇಂಡಿಯಾನಾದಲ್ಲಿ ನಳಿಕೆ ಕನಿಷ್ಠ 4 ಅಂಗುಲ ಉದ್ದವಿರಬೇಕು. ಗುಂಡಿನ ವ್ಯಾಸಕ್ಕೂ ಮಿತಿಯಿದೆ.

ದೂರದ ಮಿತಿ

ಬೇಟೆಗಾರ ತನ್ನ ಮಿತಿಯನ್ನು ತಾನೇ ಅಳೆದುಕೊಳ್ಳಬಹುದು. 20 ಸೆಂ.ಮೀ. ಅಗಲದ ತಟ್ಟೆಗೆ, ಕಾಡಿನಲ್ಲಿ ನಿಲ್ಲುವ ಅಥವಾ ಕೂರುವ ಭಂಗಿಯಲ್ಲೇ ಗುಂಡು ಹಾರಿಸಬೇಕು. ಎಷ್ಟು ದೂರದವರೆಗೆ ಎಲ್ಲ ಗುಂಡುಗಳೂ ತಟ್ಟೆಗೆ ತಗಲುತ್ತವೆಯೋ ಅಷ್ಟೇ ಆತನ ಮಿತಿ. ಬಂದೂಕು 100 ಗಜಕ್ಕೆ ನಿಖರವಾಗಿದ್ದರೂ ಕೈ 40 ಗಜಕ್ಕೇ ತಪ್ಪುವುದಾದರೆ, ಅದರಾಚೆಗಿನ ಜಿಂಕೆಯನ್ನು ಬಿಟ್ಟುಬಿಡುವುದೇ ಬೇಟೆಯ ಧರ್ಮ.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಜಿಂಕೆ ಬೇಟೆ ಶಿಕ್ಷಾರ್ಹ ಅಪರಾಧವೆಂಬುದನ್ನು ಓದುಗರು ಗಮನಿಸಬೇಕು.