ಮೇಟಗಳ್ಳಿಯಲ್ಲಿ ಅಚ್ಚಾಗುವ ಸಹಿ

ಮೈಸೂರಿನ ಹೊರಗಿನ ಹಳ್ಳಿಯಾಗಿದ್ದ ಮೇಟಗಳ್ಳಿ ಟೈರು ಕಾರ್ಖಾನೆ ಬಂದ ಮೇಲೆ ಕೈಗಾರಿಕಾ ಪ್ರದೇಶವಾಯಿತು. 1996ರಿಂದ ಅದಕ್ಕೆ ಇನ್ನೊಂದು ಹೆಸರೂ ಅಂಟಿಕೊಂಡಿದೆ. ದೇಶದ ನೋಟು ಅಚ್ಚಾಗುವ ಜಾಗ ಎಂದರೆ ಮೈಸೂರಿನವರು ಕೈ ತೋರಿಸುವುದು ಆ ಕಡೆಗೇ.

ನೋಟು ಎಂದರೆ ಸಹಿ ಹಾಕಿಕೊಟ್ಟ ಮಾತು. ಇಂತಿಷ್ಟು ಮೊತ್ತ ಸಲ್ಲಿಸುತ್ತೇನೆಂದು ರಿಸರ್ವ್ ಬ್ಯಾಂಕಿನ ಗವರ್ನರ್ ಬರೆದುಕೊಡುತ್ತಾರೆ, ಕೆಳಗೆ ಅವರ ರುಜು ಇರುತ್ತದೆ. ದೇವರಾಜ ಮಾರುಕಟ್ಟೆಯಲ್ಲಿ ಹೂ ಮಾರುವಾಕೆ ಅದನ್ನು ಬೆಳಕಿಗೆ ಹಿಡಿದು ನೋಡುತ್ತಾಳೆ, ಬೆರಳಲ್ಲಿ ಸವರುತ್ತಾಳೆ, ಸೆರಗಿಗೆ ಗಂಟು ಹಾಕುತ್ತಾಳೆ. ಮುಂಬೈಗೆ ಫೋನು ಮಾಡಿ ವಿಚಾರಿಸುವ ಅಗತ್ಯ ಅವಳಿಗಿಲ್ಲ. ಕೊಟ್ಟವರನ್ನು ಕೇಳದೆಯೇ ಕೊಟ್ಟದ್ದು ನಿಜವೋ ಸುಳ್ಳೋ ತಿಳಿಯಬೇಕು ಎನ್ನುವುದು ಹಳೆಯ ಸವಾಲು. ಇವತ್ತು ಎರಡು ಕಂಪ್ಯೂಟರುಗಳು ಪರಸ್ಪರ ಗುರುತು ಹಿಡಿಯಬೇಕಾದಾಗಲೂ ಎದುರಾಗುವುದು ಇದೇ.

ಭಾರತದಲ್ಲಿ ಸರ್ಕಾರಿ ನೋಟು ಶುರುವಾದದ್ದು 1861ರ ಕಾಗದದ ಹಣದ ಕಾಯಿದೆಯಿಂದ. ಆಗಿನ ನೋಟಿನ ಮಾತು ದೇಶವಿಡೀ ನಡೆಯುತ್ತಿರಲಿಲ್ಲ. ಕಲ್ಕತ್ತ, ಬೊಂಬಾಯಿ, ಮದರಾಸು ಎಂದು ವಲಯಗಳಿದ್ದವು. ಯಾವ ವಲಯದ ನೋಟೋ ಅಲ್ಲಿಯೇ ಅದಕ್ಕೆ ಬೆಲೆ. ಈ ಕಟ್ಟು ಸಡಿಲವಾಗತೊಡಗಿದ್ದು 1903ರಲ್ಲಿ, ಐದು ರೂಪಾಯಿ ನೋಟಿನಿಂದ. ಅಂಚೆಯಲ್ಲಿ ನೋಟು ಕಳಿಸುವವರು ಕಳ್ಳರ ಭಯಕ್ಕೆ ಒಂದು ಉಪಾಯ ಕಂಡುಕೊಂಡಿದ್ದರು. ನೋಟನ್ನು ಎರಡಾಗಿ ಕತ್ತರಿಸಿ ಮೊದಲು ಒಂದು ಅರ್ಧ ಕಳಿಸುವುದು, ಅದು ತಲುಪಿತೆಂದು ತಿಳಿದ ಮೇಲೆ ಇನ್ನೊಂದು ಅರ್ಧ. ದಾರಿಯಲ್ಲಿ ಕದ್ದವನ ಕೈಗೆ ಸಿಕ್ಕುತ್ತಿದ್ದುದು ಬರೀ ಅರ್ಧ ಕಾಗದ. ಪಾಸ್‌ವರ್ಡಿನ ಜೊತೆಗೆ ಮೊಬೈಲಿಗೆ ಬಂದ ಒಟಿಪಿಯನ್ನೂ ಕೇಳುವ ಈಗಿನ ಪದ್ಧತಿಯ ಹಿಂದೆ ಇರುವುದೂ ಇಷ್ಟೇ ಯೋಚನೆ.

ರಿಸರ್ವ್ ಬ್ಯಾಂಕ್ 1935ರ ಏಪ್ರಿಲ್ 1ರಂದು ಹುಟ್ಟಿತು. ಅದರ ಮೊದಲ ನೋಟು 1938ರಲ್ಲಿ ಗವರ್ನರ್ ಜೇಮ್ಸ್ ಟೇಲರ್ ಅವರ ರುಜುವಿನೊಂದಿಗೆ ಬಂತು. ಮಂಗಳೂರು ಕಡೆಯ ಮನೆತನದ ಬೆನಗಲ್ ರಾಮರಾವ್ 1949ರಿಂದ 1957ರವರೆಗೆ ಆ ಹುದ್ದೆಯಲ್ಲಿದ್ದರು. ಅಷ್ಟೂ ವರ್ಷ ರಿಸರ್ವ್ ಬ್ಯಾಂಕಿನ ಹೊಸ ನೋಟುಗಳ ಮೇಲೆ ಇದ್ದದ್ದು ಅವರ ರುಜು. ಆದರೆ ಅಚ್ಚಾದ ರುಜುವನ್ನು ಅಚ್ಚಿನ ಯಂತ್ರ ಇರುವ ಯಾರು ಬೇಕಾದರೂ ಒತ್ತಬಹುದಲ್ಲ. ಹಾಗಾಗಿ ನಂಬಿಕೆಯ ಭಾರ ರುಜುವಿನಿಂದ ಕಾಗದಕ್ಕೆ, ಶಾಯಿಗೆ, ನಂಬರಿಗೆ ಜರುಗಿತು. ಇವು ಯಾರ ಕೈಯಲ್ಲಿವೆಯೋ ನೋಟು ಅವರದು.

ಮೇಟಗಳ್ಳಿಯ ಚರಿತ್ರೆಯನ್ನು ಹೀಗೆಯೇ ಓದಬೇಕು. ತೊಂಬತ್ತರ ದಶಕದಲ್ಲಿ ನೋಟಿನ ಬೇಡಿಕೆ ನಾಸಿಕ್ ಮತ್ತು ದೇವಾಸ್ ಮುದ್ರಣಾಲಯಗಳ ಕೈಮೀರಿತ್ತು. ಒಂದು ಹಂತದಲ್ಲಿ ಸರ್ಕಾರ ವಿದೇಶಿ ಕಂಪನಿಗಳಿಂದಲೂ ನೋಟು ಅಚ್ಚು ಹಾಕಿಸಿ ತರಿಸಿಕೊಂಡಿತು. ಒಂದು ದೇಶ ತನ್ನ ರುಜುವನ್ನು ಹೊರಗಿನವರ ಕೈಗೆ ಕೊಡುವುದು ಸಣ್ಣ ವಿಷಯವಲ್ಲ. ಸಂಸತ್ತಿನ ಸಮಿತಿಯೊಂದು ನಂತರ ಇದನ್ನು ಕಟುವಾಗಿಯೇ ಟೀಕಿಸಿತು. ರಿಸರ್ವ್ ಬ್ಯಾಂಕ್ 1995ರ ಫೆಬ್ರವರಿ 3ರಂದು ಭಾರತೀಯ ರಿಸರ್ವ್ ಬ್ಯಾಂಕ್ ನೋಟ್ ಮುದ್ರಣ ಸಂಸ್ಥೆಯನ್ನು ಕಟ್ಟಿತು. ಮರುವರ್ಷವೇ ಮೈಸೂರಿನಲ್ಲೂ ಪಶ್ಚಿಮ ಬಂಗಾಳದ ಸಾಲ್ಬೋನಿಯಲ್ಲೂ ಯಂತ್ರಗಳು ತಿರುಗಿದವು. ದಿನಕ್ಕೆ ಎರಡು ಪಾಳಿಯಲ್ಲಿ ಎರಡೂ ಕಡೆ ಸೇರಿ ವರ್ಷಕ್ಕೆ 1,600 ಕೋಟಿ ನೋಟು ಅಚ್ಚು ಹಾಕುವ ಸಾಮರ್ಥ್ಯ.

ಆದರೂ ಕಾಗದಕ್ಕೆ ಬಹುಪಾಲು ಹೊರದೇಶವನ್ನೇ ನೆಚ್ಚಬೇಕಿತ್ತು. ಅದನ್ನು ನೀಗಿಸಲು 2010ರಲ್ಲಿ ನೋಟು ಕಾಗದದ ಕಂಪನಿ ಹುಟ್ಟಿತು. ಅದರ ಮೈಸೂರಿನ ಕಾರ್ಖಾನೆ ಹತ್ತಿಯ ನಾರಿನಿಂದ ವರ್ಷಕ್ಕೆ 12,000 ಟನ್ ಕಾಗದ ಮಾಡಬಲ್ಲದು. ಶಾಯಿಯ ಸರದಿ ಅದರ ನಂತರ. 1,500 ಟನ್ ಸಾಮರ್ಥ್ಯದ ‘ವರ್ಣಿಕಾ’ ಘಟಕವನ್ನು 2022ರ ಮಾರ್ಚ್ 28ರಂದು ಆಗಿನ ಗವರ್ನರ್ ಶಕ್ತಿಕಾಂತ ದಾಸ್ ರಾಷ್ಟ್ರಕ್ಕೆ ಅರ್ಪಿಸಿದರು. ನೋಟನ್ನು ಓರೆ ಮಾಡಿದರೆ ಬಣ್ಣ ಬದಲಿಸುವ ಶಾಯಿಯೂ ಇಲ್ಲಿಯೇ ತಯಾರಾಗುತ್ತದೆ. ಅಚ್ಚು, ಕಾಗದ, ಶಾಯಿ ಒಂದೇ ಊರಿಗೆ ಬಂದು ಸೇರಲು ಕಾಲು ಶತಮಾನ ಹಿಡಿಯಿತು.

ನಂಬರಿನ ಕೆಲಸ ಇನ್ನೂ ಸೂಕ್ಷ್ಮ. ಕಟ್ಟಿನಲ್ಲಿ ನಡುವೆ ಒಂದು ನೋಟು ಕೆಟ್ಟರೆ ಅದೇ ನಂಬರಿನದನ್ನು ಮತ್ತೆ ಅಚ್ಚು ಹಾಕಿ ತುಂಬಿಸಬೇಕಾಗುತ್ತಿತ್ತು. 2006ರಿಂದ ಕೆಟ್ಟುಹೋದ ನೋಟಿನ ಜಾಗಕ್ಕೆ ನಕ್ಷತ್ರದ ಗುರುತಿರುವ ಬೇರೆ ನಂಬರಿನ ನೋಟು ಬರತೊಡಗಿತು. ಕೈಗೆ ಬಂದ ನೋಟಿನಲ್ಲಿ ಅಕ್ಷರಕ್ಕೂ ಅಂಕಿಗೂ ನಡುವೆ ನಕ್ಷತ್ರ ಕಂಡರೆ ಅಷ್ಟಕ್ಕೇ ಅದು ನಕಲಿ ಎಂದು ಅನುಮಾನಿಸಬೇಕಿಲ್ಲ.

ಕೊಟ್ಟ ಮಾತನ್ನು ಹಿಂತೆಗೆದುಕೊಳ್ಳುವುದು ಎಷ್ಟು ಕಷ್ಟ ಎಂಬುದು 2016ರ ನವೆಂಬರ್ 8ರ ರಾತ್ರಿ ಗೊತ್ತಾಯಿತು. ಚಲಾವಣೆಯಲ್ಲಿದ್ದ ಹಣದ ಮೌಲ್ಯದಲ್ಲಿ ನೂರಕ್ಕೆ 86ರಷ್ಟು ಒಂದೇ ಏಟಿಗೆ ರದ್ದಾಯಿತು. ಜನ ಬಿಸಿಲಲ್ಲಿ ಸಾಲು ನಿಂತರು. ಒಬ್ಬರೇ ಮತ್ತೆ ಮತ್ತೆ ನೋಟು ಬದಲಿಸಬಾರದೆಂದು ಬ್ಯಾಂಕಿನವರು ಬೆರಳಿಗೆ ಹಚ್ಚಿದ ಅಳಿಸಲಾಗದ ಶಾಯಿಯೂ ಮೈಸೂರಿನದೇ. ಅದು ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಅರಗಿನ ಕಾರ್ಖಾನೆಯಾಗಿ ಶುರುವಾಗಿ 1962ರ ಚುನಾವಣೆಯಿಂದ ಮತದಾರರ ಬೆರಳಿಗೆ ಗುರುತು ಹಾಕುತ್ತಿರುವ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ತಯಾರಿಸುವ ಶಾಯಿ.

ಕಂಪ್ಯೂಟರ್ ಲೋಕದಲ್ಲೂ ನೋಟಿನಂಥ ಸಹಿ ಹಾಕಿದ ಚೀಟಿಯಿದೆ, ಅದಕ್ಕೆ ವೆಬ್ ಟೋಕನ್ ಎನ್ನುತ್ತಾರೆ. ಇಂದು ಹೆಚ್ಚು ಬಳಕೆಯಲ್ಲಿರುವ ಜೆಡಬ್ಲ್ಯೂಟಿ ಎಂಬ ಬಗೆಗೆ ಮಾನದಂಡ ಬಂದದ್ದು 2015ರ ಮೇನಲ್ಲಿ. ಮೇಟಗಳ್ಳಿಯ ಪಕ್ಕದ ಹೆಬ್ಬಾಳದಲ್ಲಿರುವ ಇನ್ಫೋಸಿಸ್ ಆವರಣಕ್ಕೆ ತರಬೇತಿಗೆ ಬರುವಂಥ ಯುವ ಎಂಜಿನಿಯರುಗಳಿಗೆ ಇದು ದಿನನಿತ್ಯದ ಸಾಮಗ್ರಿ. ಚುಕ್ಕೆಯಿಂದ ಬೇರೆಯಾದ ಮೂರು ತುಂಡು: ಯಾವ ಬಗೆಯ ಸಹಿ, ಏನು ವಿಷಯ, ಕೊನೆಗೆ ಸಹಿ. ವಿಷಯದಲ್ಲಿ ಕೊಟ್ಟವರು ಯಾರು, ಯಾವ ಸೇವೆಗೆ ಸಲ್ಲುತ್ತದೆ, ಎಷ್ಟು ಹೊತ್ತಿನವರೆಗೆ ನಡೆಯುತ್ತದೆ ಎಂದಿರುತ್ತದೆ. 1861ರ ವಲಯ ಇಲ್ಲಿ ಮತ್ತೆ ಕಾಣಿಸಿಕೊಂಡಿದೆ. ಒಂದು ಸೇವೆಗೆಂದು ಕೊಟ್ಟ ಟೋಕನನ್ನು ಇನ್ನೊಂದು ಸೇವೆ ತಿರಸ್ಕರಿಸಬೇಕು.

ರಾತ್ರಿ ಎರಡು ಗಂಟೆಗೆ ಒಂದು ಡೇಟಾಬೇಸ್ ಇನ್ನೊಂದು ಸಂಸ್ಥೆಯ ಸರ್ವರಿನಿಂದ ಲೆಕ್ಕ ತರಿಸಿಕೊಳ್ಳಬೇಕು ಎನ್ನೋಣ. ಪಾಸ್‌ವರ್ಡ್ ಒತ್ತಲು ಯಾರೂ ಎದ್ದಿರುವುದಿಲ್ಲ. ಆಗ ಡೇಟಾಬೇಸೇ ತನ್ನಲ್ಲಿ ಭದ್ರವಾಗಿಟ್ಟ ಗುಟ್ಟಿನ ಕೀಲಿಯಿಂದ ಸಹಿ ಲೆಕ್ಕಹಾಕಿ ಟೋಕನ್ ತಯಾರಿಸುತ್ತದೆ. ಅವಧಿ ಮುಗಿಯುವ ಮೊದಲು ಹೊಸದನ್ನು ಮಾಡಿಕೊಳ್ಳುತ್ತದೆ. ಎದುರಿನ ಸರ್ವರ್ ಸಹಿಯನ್ನು ತಾಳೆ ನೋಡಿ ಒಳಗೆ ಬಿಡುತ್ತದೆ. ಒಂದಕ್ಷರ ತಿದ್ದಿದ್ದರೂ ಸಹಿ ಹೊಂದುವುದಿಲ್ಲ. ಮೇಟಗಳ್ಳಿಯ ಕಾಗದ, ಶಾಯಿ, ಅಚ್ಚು ಸೇರಿ ಮಾಡುವ ಕೆಲಸವನ್ನು ಇಲ್ಲಿ ಆ ಒಂದು ಕೀಲಿ ಮಾಡುತ್ತದೆ. ಅದಕ್ಕೇ ಕೀಲಿಯನ್ನು ಎಲ್ಲರೂ ಓದಬಲ್ಲ ಕೋಷ್ಟಕದಲ್ಲಿ ಇಡುವುದು ಮುದ್ರಣಾಲಯದ ಬಾಗಿಲು ತೆರೆದಿಟ್ಟಷ್ಟೇ ಅಪಾಯ.

ಒಂದು ವಿಷಯದಲ್ಲಿ ಮಾತ್ರ ಎರಡೂ ತಿರುವುಮುರುವು. ನೋಟನ್ನು ನಕಲು ಮಾಡುವುದು ಕಷ್ಟ. ಟೋಕನ್ನಿನ ಸಹಿಯನ್ನು ಹುಟ್ಟಿಸುವುದು ಅಸಾಧ್ಯವೆನ್ನುವಷ್ಟು ಕಷ್ಟವಾದರೂ, ಕದ್ದ ಟೋಕನ್ ಅಸಲಿನಷ್ಟೇ ಅಸಲಿ. ಆದ್ದರಿಂದಲೇ ನೋಟಿಗಿಲ್ಲದ ಗಡುವು ಟೋಕನ್ನಿಗಿದೆ. ಕೆಲವೇ ನಿಮಿಷಗಳಲ್ಲಿ ಅದು ಸಾಯಬೇಕು.

ಇವೆರಡನ್ನೂ ಬೆಸೆಯುವ ಪ್ರಯತ್ನ ಡಿಜಿಟಲ್ ರೂಪಾಯಿ. ರಿಸರ್ವ್ ಬ್ಯಾಂಕ್ ಅದನ್ನು ನೋಟು ನಾಣ್ಯಗಳ ಮುಖಬೆಲೆಯಲ್ಲೇ ಡಿಜಿಟಲ್ ಟೋಕನ್ ಆಗಿ 2022ರ ಡಿಸೆಂಬರ್ 1ರಂದು ಜನರ ಬಳಕೆಗೆ ಪ್ರಾಯೋಗಿಕವಾಗಿ ಬಿಟ್ಟಿತು. ಮೊದಲ ನಾಲ್ಕು ನಗರಗಳಲ್ಲಿ ಬೆಂಗಳೂರೂ ಇತ್ತು. 2024ರ ಮಾರ್ಚ್ ಅಂತ್ಯಕ್ಕೆ ಅದರ ಚಲಾವಣೆ ಸುಮಾರು 234 ಕೋಟಿ ರೂಪಾಯಿ. ಅದೇ ದಿನ ಕಾಗದದ ನೋಟುಗಳ ಮೌಲ್ಯ ಸುಮಾರು 34.8 ಲಕ್ಷ ಕೋಟಿ. ಮೇಟಗಳ್ಳಿಯ ಯಂತ್ರಗಳಿಗೆ ಸದ್ಯಕ್ಕೆ ಬಿಡುವಿಲ್ಲ.