ಮುಕ್ತಾಬಾಯಿಯ ನಿಬಂಧ

ಚಿಂಚವಾಡ ಕಡೆಯ ನಮ್ಮ ಕನ್ನಡಿಗರಿಗೆ ಗುಲ್‌ಟೇಕಡಿ ಅಂದರೆ ಮಾರ್ಕೆಟ್ ಯಾರ್ಡು, ಈರುಳ್ಳಿ-ಬೆಲ್ಲದ ಸಗಟು ದರ, ಅಷ್ಟೇ. ನನಗೂ ಹಾಗೇ ಇತ್ತು, 1855ರ ಒಂದು ನಿಬಂಧ ಓದುವ ತನಕ.

ಬರೆದವಳು ಮುಕ್ತಾ ಸಾಳ್ವೆ. ಪುಣೆಯ ಫುಲೆ ದಂಪತಿಯ ಶಾಲೆಯಲ್ಲಿ ಮೂರು ವರ್ಷ ಕಲಿತ 14ರ ಮಾಂಗ ಹುಡುಗಿ. ಮಾಂಗ-ಮಹಾರರ ದುಃಖದ ಬಗ್ಗೆ ಅವಳು ಬರೆದದ್ದು ಮಿಶನರಿಗಳ ಮರಾಠಿ ಪತ್ರಿಕೆ 'ಜ್ಞಾನೋದಯ'ದಲ್ಲಿ ಎರಡು ಕಂತಾಗಿ ಬಂತು.

ಪೇಶ್ವೆಗಳ ಕಾಲದಲ್ಲಿ ಗರಡಿಮನೆಯ ಮುಂದೆ ಮಾಂಗನೋ ಮಹಾರನೋ ಹಾದರೆ ತಲೆ ಕಡಿದು, ಗುಲ್‌ಟೇಕಡಿ ಬಯಲಲ್ಲಿ ಕತ್ತಿಯೇ ದಾಂಡು, ತಲೆಯೇ ಚೆಂಡು ಮಾಡಿ ಆಡುತ್ತಿದ್ದರಂತೆ. ಆ ಆಳ್ವಿಕೆ ಮುಗಿದದ್ದು 1818ರಲ್ಲಿ. ಹಾಗಾಗಿ ಇದು ಹಿರಿಯರಿಂದ ಕೇಳಿದ್ದೇ ಇರಬೇಕು.

ಆದರೆ ಉಳಿದದ್ದು ಅವಳ ಕಣ್ಣೆದುರಿನದು. ಹೆರಿಗೆಯಾದ ಹೆಂಗಸರಿಗೆ ತಲೆ ಮೇಲೆ ಸೂರಿಲ್ಲ, ಮಳೆ, ಚಳಿ. ಬಾಣಂತಿಗೆ ಕಾಯಿಲೆ ಬಂದರೆ ಔಷಧಿಗೆ ದುಡ್ಡೆಲ್ಲಿ? ಪುಕ್ಕಟೆ ನೋಡುವಷ್ಟು ಮನುಷ್ಯತ್ವದ ವೈದ್ಯ ನಿಮ್ಮಲ್ಲಿ ಯಾರಿದ್ದಾನೆ ಅಂತ ಓದುಗರನ್ನೇ ಕೇಳುತ್ತಾಳೆ, ನೋಡಿ!

ನನ್ನನ್ನು ಕಾಡಿದ್ದು ಮಾತ್ರ ಇನ್ನೊಂದು ಸಣ್ಣ ಸಂಗತಿ. ಬ್ರಾಹ್ಮಣರ ಹುಡುಗರು ಕಲ್ಲೆಸೆದು ಗಾಯ ಮಾಡಿದರೂ ಈ ಮಕ್ಕಳು ದೂರು ಕೊಡುತ್ತಿರಲಿಲ್ಲ. ಯಾವ ದಫ್ತರಿಗೂ ಸೇರದ ಅಪರಾಧ ಅದು. ಎಂಜಲನ್ನ ಬೇಡಲು ಅದೇ ಮನೆಗಳಿಗೆ ಹೋಗಬೇಕಿತ್ತಲ್ಲ.